ಓವರ್‌ಡ್ರೈವೂ ಹಿಂದಿನ ಅಚ್ಚೂ

ಟಾಪ್ ಗಿಯರಿನಲ್ಲಿ ಓಡುವ ಕಾರಿನ ಎಂಜಿನು ಮೂರೂವರೆ ಸುತ್ತು ತಿರುಗಿದಾಗ ಹಿಂದಿನ ಗಾಲಿ ಒಂದೇ ಸುತ್ತು ತಿರುಗುತ್ತದೆಂದರೆ ಕೆಲವರಿಗಾದರೂ ಆಶ್ಚರ್ಯವಾದೀತು. ಹಿಂದಿನ ಅಚ್ಚಿನ ನಡುವೆ ಕೂಡಿಕೊಂಡಿರುವ ಚಿಕ್ಕ ದೊಡ್ಡ ದಂತಚಕ್ರಗಳೇ ಇದಕ್ಕೆ ಕಾರಣ. ಈ ಅನುಪಾತ ಹೆಚ್ಚಿದಷ್ಟೂ ಗಾಲಿಗೆ ಎಳೆತದ ಬಲ ಹೆಚ್ಚು. ಆದರೆ ಅದೇ ವೇಗಕ್ಕೆ ಎಂಜಿನು ಹೆಚ್ಚು ತಿರುಗಬೇಕು. ಏರು ಹತ್ತುವ ಬಲ, ಬಯಲಿನಲ್ಲಿ ನೆಮ್ಮದಿಯ ಓಟ, ಎರಡೂ ಒಂದೇ ಅಚ್ಚಿನಿಂದ ದೊರೆಯುವುದೆಂತು?

ಎಡ್ಗರ್ ಡಿ ನಾರ್ಮನ್‌ವಿಲ್ ಎಂಬ ಎಂಜಿನಿಯರರು ರೂಪಿಸಿದ, ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಲೇಕಾಕ್ ಕಂಪನಿಯವರು ತಯಾರಿಸಿದ ಓವರ್‌ಡ್ರೈವ್ ಇದಕ್ಕೊಂದು ಸೊಗಸಾದ ಉತ್ತರ. ಗಿಯರ್ ಪೆಟ್ಟಿಗೆಯ ಬೆನ್ನಿಗೆ ಜೋಡಿಸುವ ಈ ಉಪಕರಣದ ನಡುವೆ ಸೂರ್ಯಚಕ್ರ, ಅದರ ಸುತ್ತ ಗ್ರಹಚಕ್ರಗಳು, ಎಲ್ಲವನ್ನೂ ಬಳಸಿ ಒಳಹಲ್ಲುಗಳ ಬಳೆಚಕ್ರ. ಚಾಲಕನು ಸ್ವಿಚ್ಚು ಒತ್ತಿದೊಡನೆ ಎಣ್ಣೆಯ ಒತ್ತಡದಿಂದ ಸೂರ್ಯಚಕ್ರವು ಅಲುಗದೆ ನಿಲ್ಲುತ್ತದೆ. ಗ್ರಹಚಕ್ರಗಳು ಅದರ ಮೇಲೆ ಉರುಳುತ್ತ ಬಳೆಚಕ್ರವನ್ನು ಮತ್ತಷ್ಟು ವೇಗವಾಗಿ ತಿರುಗಿಸುತ್ತವೆ. ಗಾಲಿಗಳಿಗೆ ಹೋಗುವ ಶಾಫ್ಟು ಈ ಬಳೆಗೇ ಸೇರಿದೆ.

1959ರಿಂದ 1967ರವರೆಗೆ ತಯಾರಾದ ಜಾಗ್ವಾರ್ ಮಾರ್ಕ್ 2 ಕಾರಿನ 3.8 ಲೀಟರ್ ಮಾದರಿಯನ್ನು ನೋಡೋಣ. ಓವರ್‌ಡ್ರೈವ್ ಇಲ್ಲದ ಕಾರಿಗೆ 3.54ರ ಅಚ್ಚು; ಇದ್ದ ಕಾರಿಗೆ 3.77ರದು. ಬಯಲಿನ ಓಟವನ್ನು ಓವರ್‌ಡ್ರೈವ್ ನೋಡಿಕೊಳ್ಳುವುದರಿಂದ ಅಚ್ಚನ್ನು ಎಳೆತಕ್ಕೆ ಮೀಸಲಿಡಬಹುದಾಯಿತು. ಗಾಲಿಯ ಸುತ್ತಳತೆ ಸುಮಾರು 2.1 ಮೀಟರು ಎಂದಿಟ್ಟುಕೊಳ್ಳಿ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ 3.54ರ ಅಚ್ಚಿಗೆ ಎಂಜಿನು ನಿಮಿಷಕ್ಕೆ ಸುಮಾರು 2,800 ಸುತ್ತು ತಿರುಗಬೇಕು, 3.77ರ ಅಚ್ಚಿಗೆ 3,000. ಓವರ್‌ಡ್ರೈವಿನ ಅನುಪಾತ 0.778. ಅದರಿಂದ 3.77ನ್ನು ಗುಣಿಸಿದರೆ 2.93, ಸುತ್ತುಗಳು 2,330ಕ್ಕೆ ಇಳಿಯುತ್ತವೆ.

ಹಳೆಯ ಕಾರುಗಳನ್ನು ಸರಿಪಡಿಸಿ ಓಡಿಸುವವರು ಎಡವುವುದು ಇಲ್ಲಿಯೇ. 3.54ರ ಅಚ್ಚಿನ ಮುಂದೆ ಓವರ್‌ಡ್ರೈವ್ ಪೆಟ್ಟಿಗೆಯನ್ನು ಮಾತ್ರ ತಂದು ಕೂರಿಸಿದರೆ ಒಟ್ಟು ಅನುಪಾತ 2.75ಕ್ಕೆ ಇಳಿಯುತ್ತದೆ. ಜಾಗ್ವಾರಿನ ಬಲಿಷ್ಠ ಎಂಜಿನು ಇದನ್ನು ಸಹಿಸೀತು. ಚಿಕ್ಕ ಎಂಜಿನಿನ ಕಾರಿನಲ್ಲಿ ಹೀಗೆಯೇ ಮಾಡಿದರೆ ಅದು ಸಣ್ಣ ಏರಿಗೂ ತಿಣುಕುತ್ತದೆ. ಇದಕ್ಕಿಂತ ಅಪಾಯದ ಸಂಗತಿ ಇನ್ನೊಂದಿದೆ. ವೇಗಮಾಪಕವು ಎಣಿಸುವುದು ಗಾಲಿಯ ಸುತ್ತನ್ನಲ್ಲ, ಪೆಟ್ಟಿಗೆಯ ಹಿಂತುದಿಯ ಶಾಫ್ಟಿನ ಸುತ್ತನ್ನು. 3.77ಕ್ಕೆ ಹೊಂದಿಸಿದ ಮಾಪಕವು 3.54ರ ಅಚ್ಚಿನ ಕಾರಿನಲ್ಲಿದ್ದರೆ, ಗಾಡಿ 100ರಲ್ಲಿ ಓಡುವಾಗ ಮುಳ್ಳು ತೋರುವುದು 94. ಚಾಲಕನು ಪಾಪ, ನಿಧಾನವಾಗಿಯೇ ಹೋಗುತ್ತಿದ್ದೇನೆಂದು ನಂಬಿರುತ್ತಾನೆ.

ಅಚ್ಚಿನ ಅನುಪಾತವನ್ನು ತಿಳಿಯಲು ಬಿಚ್ಚಬೇಕಾಗಿಲ್ಲ. ಕಾರನ್ನು ಭದ್ರವಾಗಿ ಆನಿಸಿ, ಎರಡೂ ಹಿಂಗಾಲಿಗಳನ್ನು ನೆಲದಿಂದ ಎತ್ತಿ, ಗಿಯರನ್ನು ನ್ಯೂಟ್ರಲ್ಲಿಗೆ ತರಬೇಕು. ಇಬ್ಬರು ಸೇರಿ ಗಾಲಿಗಳನ್ನು ಒಟ್ಟಿಗೆ ಹತ್ತು ಸುತ್ತು ತಿರುಗಿಸಲಿ. ಮೂರನೆಯವನು ಶಾಫ್ಟಿಗೆ ಸೀಮೆಸುಣ್ಣದ ಗುರುತು ಹಾಕಿ ಎಣಿಸಲಿ. ಮೂವತ್ತೈದೂವರೆಗೆ ತುಸು ಕಡಿಮೆಯಾದರೆ 3.54, ಮೂವತ್ತೆಂಟರ ಸಮೀಪ ಬಂದರೆ 3.77.