ಚೆನ್ನಾಗಿತ್ತು ಅಂದರೆ ಸಾಲದು

ಕಾಟನ್‌ಪೇಟೆ ಮುಖ್ಯರಸ್ತೆಯಲ್ಲಿ ಮನೆ ಇರುವವರು ಸಂಗೀತ ಕೇಳುವುದಿದ್ದರೆ ಅಂಗಡಿಗಳ ಷಟರ್ ಏಳುವ ಮುಂಚೆಯೇ ಕೇಳಿ ಮುಗಿಸಬೇಕು. ಆಮೇಲೆ ಲಗೇಜ್ ಆಟೋಗಳ ಹಾರ್ನು, ತಳ್ಳುಗಾಡಿಗಳ ಸದ್ದು, ಬೇಲು ಇಳಿಸುವ ಹಮಾಲರ ಕೂಗು. ಹಾಗಾಗಿ ನಮ್ಮ ಮನೆಯ ಕಛೇರಿ ಬೆಳಗಿನ ಕಾಫಿಯ ಜೊತೆ ಶುರುವಾಗುತ್ತದೆ. ಎಂಥ ವಿದ್ವಾಂಸರೇ ಆಗಲಿ, ಅರ್ಧ ಗಂಟೆಗಿಂತ ಹೆಚ್ಚು ಸಮಯ ಸಿಗುವುದಿಲ್ಲ. ಜವಳಿ ಮಂಡಿಯಲ್ಲಿ ಲೆಕ್ಕ ಬರೆದು ನಿವೃತ್ತಳಾದವಳು ನಾನು. ಸರಳೆ ಜಂಟಿವರಸೆ ಕೂಡ ಕಲಿತವಳಲ್ಲ. ಕೇಳಿದ್ದಷ್ಟೇ ಬಂಡವಾಳ.

ಕೇಳಿದ ಮೇಲೆ ಮಲ್ಲೇಶ್ವರದಲ್ಲಿರುವ ಭಾವನಿಗೆ ಫೋನ್ ಮಾಡುತ್ತೇನೆ. ಅವರೂ ಅದೇ ರೆಕಾರ್ಡಿಂಗ್ ಕೇಳಿರಬೇಕು ಅನ್ನುವುದು ನಮ್ಮ ಕರಾರು. ಶುರುವಿನ ದಿನಗಳಲ್ಲಿ ನಾನು “ತುಂಬಾ ಚೆನ್ನಾಗಿತ್ತು ಭಾವ” ಅನ್ನುತ್ತಿದ್ದೆ. ಅವರು ಬಿಡುತ್ತಿರಲಿಲ್ಲ. “ಚೆನ್ನಾಗಿತ್ತು ಅನ್ನೋದನ್ನ ಮದುವೆ ಊಟಕ್ಕೆ ಇಟ್ಕೋ. ಎಲ್ಲಿ ಚೆನ್ನಾಗಿತ್ತು, ಅದನ್ನ ಹೇಳು.” ಎಲ್ಲಿ ಅಂತ ಹೇಳಬೇಕಾದರೆ ಮತ್ತೆ ಕೇಳಲೇಬೇಕು. ಸಭೆಯಲ್ಲಿ ಕೂತು ಕೇಳಿದ ಹಾಡು ಅಲ್ಲಿಗೆ ಮುಗಿಯಿತು. ಧ್ವನಿಮುದ್ರಣದಲ್ಲಿ ಅನುಪಲ್ಲವಿಯ ಒಂದು ಸಂಗತಿಗೆ ಎಷ್ಟು ಸಲ ಬೇಕಾದರೂ ಹಿಂದಿರುಗಬಹುದು. ಕೋಟೆ ಹೈಸ್ಕೂಲಿನ ಮೈದಾನದಲ್ಲಿ ರಾಮಸೇವಾ ಮಂಡಲಿಯ ಕಛೇರಿ ಕೇಳುವ ಸುಖ ಬೇರೆ, ಒಪ್ಪುತ್ತೇನೆ. ಆದರೆ ನನ್ನ ಕಿವಿ ತಿದ್ದಿದ್ದು ಈ ಹಿಂದಿರುಗುವ ಸೌಲಭ್ಯ, ಮತ್ತು ಫೋನಿನ ಆ ಕಡೆ ಕಾದಿರುವ ಭಾವ.

ಹಳೆಯ ಪ್ಲೇಟುಗಳಿಂದ ಶುರು ಮಾಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಭಾರತದಲ್ಲಿ ಗ್ರಾಮಫೋನ್ ಕಂಪನಿಯವರು 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡು ಹಿಡಿದರು. ಪ್ಲೇಟು ಒತ್ತುತ್ತಿದ್ದದ್ದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನವರಿಗೆ ಹಾಡಿದ್ದು ಯಾರು ಅಂತ ಗೊತ್ತಾಗಲಿ ಎಂದು ಆಕೆ ಕೊನೆಯಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರು ಕೂಗಿ ಹೇಳುತ್ತಾರೆ. ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅರಗಿಗೆ ಕಲ್ಲಿನ ಪುಡಿ ಬೆರೆಸಿ ಮಾಡಿದ ಆ ಪ್ಲೇಟಿನ ಒಂದು ಮಗ್ಗುಲಿಗೆ ಮೂರು ನಿಮಿಷ, ದೊಡ್ಡ ಪ್ಲೇಟಾದರೆ ನಾಲ್ಕು ಚಿಲ್ಲರೆ. ಅಷ್ಟರಲ್ಲಿ ರಾಗದ ಮುಖ ತೋರಿಸಬೇಕು, ಸಾಹಿತ್ಯ ಹೇಳಬೇಕು, ನಾಲ್ಕು ತಾನ ಹಾರಿಸಬೇಕು. ಆ ಕಾಲದವರ ರೆಕಾರ್ಡಿನಲ್ಲಿ ಒಂದು ಉಸಿರೂ ದಂಡವಾಗುವುದಿಲ್ಲ.

ಹೀಗೆ ಒಂದು ಹಳೆಯ ರೆಕಾರ್ಡನ್ನು ಮೊಬೈಲಿನಲ್ಲಿ ಹಾಕಿಕೊಂಡು ಬಳೇಪೇಟೆಗೆ ಹೋಗಿದ್ದೆ. ಅಲ್ಲಿ ತಂಬೂರಿ ರಿಪೇರಿ ಮಾಡುವ ಯಜಮಾನರೊಬ್ಬರು ನನಗೆ ಪರಿಚಯ. ಸ್ವಲ್ಪ ಹೊತ್ತು ಕೇಳಿ ತಲೆ ಅಲ್ಲಾಡಿಸಿದರು. “ಇದು ಅವರ ಶ್ರುತಿ ಅಲ್ಲಮ್ಮ. ಮಿಷನ್ನು ಓಡ್ತಾ ಇದೆ.” ವಿಷಯ ಇಷ್ಟು: ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗಬೇಕು. ಆದರೆ ಹಿಂದಿನವರು ಧ್ವನಿ ಹಿಡಿಯುವಾಗಲೇ ಎಲ್ಲ ಪ್ಲೇಟಿಗೂ ಸರಿಯಾಗಿ 78 ಇಟ್ಟಿರಲಿಲ್ಲ. ಇಂದು ಅದನ್ನು ಕಂಪ್ಯೂಟರಿಗೆ ಇಳಿಸುವವರು ನಾಲ್ಕೈದು ಸುತ್ತು ಹೆಚ್ಚು ಓಡಿಸಿದರೂ ಸಾಕು, ಶ್ರುತಿ ಅರ್ಧ ಮನೆ ಏರಿಬಿಡುತ್ತದೆ. ಕಾಲವೂ ಓಡುತ್ತದೆ. ಹಾಡಿದವರು ಕೀರಲು ದನಿಯವರು, ಅವಸರದವರು ಅನ್ನಿಸಿಕೊಳ್ಳುತ್ತಾರೆ, ಪಾಪ. ಗಮಕ ಗಡಿಬಿಡಿಯಲ್ಲಿ ನಡುಗುತ್ತಿದ್ದರೆ ಮೊದಲು ಯಂತ್ರವನ್ನು ಅನುಮಾನಿಸಿ. ಇನ್ನೊಂದು ಮಾತು: ಗರಗರ ಸದ್ದನ್ನು ಪೂರ್ತಿ ಸೋಸಿ ತೆಗೆದ ಪ್ರತಿ ನನಗೆ ಹಿಡಿಸುವುದಿಲ್ಲ. ಗರಗರದ ಜೊತೆಗೆ ತಂಬೂರಿಯ ಝೇಂಕಾರ, ದನಿಯ ಮೊನಚು ಎರಡೂ ಹೋಗಿರುತ್ತವೆ.

ನಾನೂ ಭಾವನೂ ಹೆಚ್ಚು ಜಗಳವಾಡಿದ್ದು ಗಂಗೂಬಾಯಿ ಹಾನಗಲ್ಲರ ವಿಷಯಕ್ಕೆ. ನಮಗೆಲ್ಲ ಗೊತ್ತಿರುವ ಗಂಗೂಬಾಯಿ ಅವರದು ಗಂಡುದನಿಯಂಥ ಗಂಭೀರ ಕಂಠ. ಆದರೆ 1930ರ ದಶಕದ ಅವರ ಪ್ಲೇಟುಗಳಲ್ಲಿ ಇರುವುದು ಎಳೆಯ, ತೆಳುವಾದ, ಮೇಲಿನ ದನಿ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಕಂಠ ಬದಲಾಯಿತು. ಭಾವನಿಗೆ ಮೊದಲನೆಯದೇ ಪ್ರಾಣ.

“ಆ ತಾನ ಹೇಗೆ ಓಡುತ್ತೆ ನೋಡು!”

“ಓಡುತ್ತೆ ಭಾವ, ಎಲ್ಲೂ ನಿಲ್ಲೋದಿಲ್ಲವಲ್ಲ? ಆಮೇಲಿನ ರೆಕಾರ್ಡಿನಲ್ಲಿ ಒಂದು ಸ್ವರದ ಮೇಲೆ ಕೂತರೆ ಏಳೋದೇ ಇಲ್ಲ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಲ್ಲೋಕೆ ಆ ಪ್ಲೇಟಿನಲ್ಲಿ ಜಾಗ ಎಲ್ಲಿತ್ತು?” ಅಂದರು. ಇದು ನನಗೆ ಹೊಳೆದೇ ಇರಲಿಲ್ಲ. ಎರಡು ದನಿಗಳನ್ನು ಹೋಲಿಸುತ್ತಿದ್ದೇನೆ ಅಂದುಕೊಂಡಿದ್ದೆ. ಹೋಲಿಸುತ್ತಿದ್ದದ್ದು ಮೂರು ನಿಮಿಷವನ್ನು ಮತ್ತು ಎಲ್‌ಪಿ ರೆಕಾರ್ಡಿನ ಒಂದು ಮಗ್ಗುಲಿನ ಇಪ್ಪತ್ತು ಚಿಲ್ಲರೆ ನಿಮಿಷವನ್ನು ಕೂಡ. ಎಲ್‌ಪಿ ಹುಟ್ಟಿದ್ದೇ 1948ರಲ್ಲಿ. ಒಬ್ಬಳೇ ಕೇಳಿದ್ದರೆ ವಿಲಂಬಿತವೇ ಅವರ ಸ್ವಭಾವ ಅಂತ ತೀರ್ಪು ಬರೆದು ಮುಗಿಸುತ್ತಿದ್ದೆ.

ಕೇಳಿದ್ದನ್ನು ಒಳಗೇ ಇಟ್ಟುಕೊಳ್ಳಲಾರದ ಈ ಚಟ ದೊಡ್ಡವರನ್ನೂ ಬಿಟ್ಟಿಲ್ಲ. ಗದಗಿನ ಹುಡುಗ ಭೀಮಸೇನ ಜೋಶಿ, ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯ ಪ್ಲೇಟು ಕೇಳಿ, 1933ರಲ್ಲಿ ಮನೆ ಬಿಟ್ಟು ಗುರುವನ್ನು ಹುಡುಕಿಕೊಂಡು ಹೊರಟ ಕತೆ ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಮೈಸೂರಿನ ಜಯಚಾಮರಾಜ ಒಡೆಯರದು. ಶ್ರೀವಿದ್ಯಾ ಅಂಕಿತದಲ್ಲಿ ತೊಂಬತ್ತಕ್ಕೂ ಹೆಚ್ಚು ಕೃತಿ ರಚಿಸಿದ ಮಹಾರಾಜರು ಪಾಶ್ಚಾತ್ಯ ಸಂಗೀತದ ಪ್ಲೇಟುಗಳ ದೊಡ್ಡ ಸಂಗ್ರಹವನ್ನೇ ಇಟ್ಟಿದ್ದರು. ಲಂಡನ್ನಿನಲ್ಲಿ ಮುದುಕರಾಗಿ, ಜನ ಮರೆತಂತಾಗಿದ್ದ ರಷ್ಯದ ನಿಕೊಲಾಯ್ ಮೆಟ್ನರ್ ಅವರ ಸಂಗೀತ ಇವರಿಗೆ ಹಿಡಿಸಿತು. ಮೆಚ್ಚಿ ಸುಮ್ಮನಿರಲಿಲ್ಲ. ಇವರು ಕೊಟ್ಟ ಹಣದಿಂದ ಮೆಟ್ನರ್ ಸೊಸೈಟಿ ಹುಟ್ಟಿತು, ಎಚ್‌ಎಂವಿಯವರು ಮೆಟ್ನರರನ್ನೇ ಪಿಯಾನೊ ಮುಂದೆ ಕೂರಿಸಿ ಧ್ವನಿಮುದ್ರಿಸಿದರು. ಮೆಟ್ನರ್ ತಮ್ಮ ಮೂರನೇ ಕಾನ್ಸರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ್ದಾರೆ. 1950ರ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸರ ಕೊನೆಯ ನಾಲ್ಕು ಗೀತೆಗಳು ಮೊದಲ ಬಾರಿ ಸಭೆಯಲ್ಲಿ ಕೇಳಿಬಂದಾಗ ಆ ಕಛೇರಿಯ ಖರ್ಚಿಗೆ ಜಾಮೀನು ನಿಂತವರೂ ಇವರೇ. ಅದನ್ನು ಧ್ವನಿಮುದ್ರಿಸಿ ಮೈಸೂರಿಗೆ ಕಳಿಸಿಕೊಟ್ಟರು. ಸ್ಟ್ರಾಸ್ ಹಿಂದಿನ ವರ್ಷವೇ ತೀರಿಕೊಂಡಿದ್ದರು, ಅವರು ಅದನ್ನು ಕೇಳಲಿಲ್ಲ.

ನಮ್ಮದು ಅರಮನೆಯ ಲೆಕ್ಕವಲ್ಲ, ಖರ್ಚಿಲ್ಲದ ವ್ಯವಹಾರ. ಮಂಡಿಯ ಅಭ್ಯಾಸ ಬಿಡದೆ ಒಂದು ಉದ್ದನೆಯ ಖಾತೆ ಪುಸ್ತಕದಲ್ಲಿ ಗೆರೆ ಎಳೆದು ಬರೆಯುತ್ತೇನೆ: ಯಾರದು, ಯಾವ ರಾಗ, ಕಿವಿ ಎಲ್ಲಿ ನಿಂತಿತು. ಕೊನೆಯ ಅಂಕಣದಲ್ಲಿ ಭಾವನ ಆಕ್ಷೇಪ. ರಾಗದ ಹೆಸರು ತಿಳಿಯದಿದ್ದರೆ ಖಾಲಿ ಬಿಡಿ, ನಾಚಿಕೆ ಬೇಡ. ಮೂರನೇ ಅಂಕಣ ಮಾತ್ರ ಖಾಲಿ ಬಿಡಬೇಡಿ. ಕೇಳಲು ಸಾಮಗ್ರಿಗೆ ಬರವಿಲ್ಲ. ವಿಕ್ರಮ್ ಸಂಪತ್ ಬೆಂಗಳೂರಿನಲ್ಲಿ ಕಟ್ಟಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಹಳೆಯ ಪ್ಲೇಟುಗಳನ್ನು ಪುಕ್ಕಟೆ ಕೇಳಿಸುತ್ತದೆ. ಆಕಾಶವಾಣಿಯ ರಾಗಂ ವಾಹಿನಿ ಮೊಬೈಲಿನಲ್ಲೇ ಬರುತ್ತದೆ.

ಇನ್ನು ನಿಮ್ಮ ಮನೆಯ ಅಟ್ಟ. ಅಜ್ಜ ತಂದ ಪ್ಲೇಟು, ಅಪ್ಪ ಯಾವುದೋ ಕಛೇರಿಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ತುಂಬಿಸಿಕೊಂಡ ಕ್ಯಾಸೆಟ್ಟು ಅಲ್ಲಿದ್ದರೆ ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿ ಇಡಿ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುವ ಮೊದಲು ಯಾರಿಂದಲಾದರೂ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಹಾಡಿದವರು ಯಾರು, ಯಾವ ಊರು, ಯಾವ ವರ್ಷ ಅನ್ನುವುದನ್ನು ಮನೆಯ ಹಿರಿಯರನ್ನು ಈಗಲೇ ಕೇಳಿ ಬರೆದಿಡಿ.