ಶಿಶು ಆಹಾರದಲ್ಲಿ ಬೇಳೆಕಾಳು: ತಯಾರಕರು ಅರಿತಿರಬೇಕಾದ ಅಂಶಗಳು

ರಾಗಿ, ಹೆಸರುಬೇಳೆಗಳನ್ನು ಹದವಾಗಿ ಹುರಿದು ಬೀಸಿ ಮಾಡುವ ‘ಸರಿ ಹಿಟ್ಟು’ ಕರ್ನಾಟಕದ ಮನೆಗಳಿಗೆ ಹೊಸದಲ್ಲ. ಇಂದು ಅದು ಪೊಟ್ಟಣಗಳಲ್ಲಿ ಮಾರಾಟವಾಗುತ್ತಿದ್ದು, ಅನೇಕ ಗೃಹೋದ್ಯಮಗಳೂ ಹಿಟ್ಟಿನ ಗಿರಣಿಗಳೂ ಈ ಕ್ಷೇತ್ರಕ್ಕೆ ಕಾಲಿರಿಸಿವೆ. ಆದರೆ ದೊಡ್ಡವರ ಹಿಟ್ಟಿಗೆ ಅನ್ವಯಿಸುವ ಅಳತೆಗೋಲು ಶಿಶು ಆಹಾರಕ್ಕೆ ಸಾಲದು.

ಬಳಕೆಯ ಕ್ರಮ

ಮೊದಲ ಆರು ತಿಂಗಳು ಎದೆಹಾಲು ಮಾತ್ರ ಸಾಕು. ಅನಂತರ ಎದೆಹಾಲಿನೊಂದಿಗೆ ಮೃದುವಾದ ಪೂರಕ ಆಹಾರವನ್ನು ಆರಂಭಿಸಬೇಕು. ಸಿಪ್ಪೆ ತೆಗೆದ ಹೆಸರುಬೇಳೆಯನ್ನು ನುಣ್ಣಗೆ ಬೇಯಿಸಿ, ಒಂದೆರಡು ಚಮಚದಿಂದ ಪ್ರಾರಂಭಿಸುವುದು ಸೂಕ್ತ. ಹೊಸ ಧಾನ್ಯಗಳನ್ನು ಒಂದೊಂದಾಗಿ ಪರಿಚಯಿಸಿದರೆ ಒಗ್ಗದಿರುವುದು ಯಾವುದೆಂದು ತಿಳಿಯುತ್ತದೆ. ಇಡೀ ಕಡಲೆ, ಬಟಾಣಿ, ಕಡಲೆಕಾಯಿ ಬೀಜ ಗಂಟಲಲ್ಲಿ ಸಿಕ್ಕಿ ಉಸಿರುಗಟ್ಟಿಸಬಲ್ಲವು. ಎಳೆಯ ಮಕ್ಕಳಿಗೆ ಇವನ್ನು ಪುಡಿ ಅಥವಾ ಮುದ್ದೆಯ ರೂಪದಲ್ಲಿ ಮಾತ್ರ ನೀಡತಕ್ಕದ್ದು. ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇರುವ ಶಿಶುವಿಗೆ ಕಡಲೆಕಾಯಿ ನೀಡುವ ಮುನ್ನ ವೈದ್ಯರ ಸಲಹೆ ಅಗತ್ಯ.

ತಯಾರಿಕೆಯಲ್ಲಿ ಎಚ್ಚರ

ಸಾಮಾನ್ಯ ಹಿಟ್ಟಿನ ಗಂಜಿ ಬೇಯುತ್ತಲೇ ಗಟ್ಟಿಯಾಗುತ್ತದೆ. ನೀರು ಬೆರೆಸಿ ತೆಳುವಾಗಿಸಿದರೆ ಪೌಷ್ಟಿಕಾಂಶ ತಗ್ಗುತ್ತದೆ, ಮಗುವಿನ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬುತ್ತದೆ. ರಾಗಿಯನ್ನು ಮೊಳಕೆ ಬರಿಸಿದಾಗ ಉತ್ಪತ್ತಿಯಾಗುವ ಅಮೈಲೇಸ್ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ, ಹೆಚ್ಚು ಹಿಟ್ಟು ಹಾಕಿದರೂ ಗಂಜಿ ತೆಳುವಾಗಿ ಉಳಿಯುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಮೊಳಕೆ ರಾಗಿ ಹಾಗೂ ಹೆಸರುಕಾಳಿನ ಶಿಶು ಆಹಾರವನ್ನು ರೂಪಿಸಿದ್ದು ಇದೇ ತತ್ತ್ವದ ಮೇಲೆ.

ಇಲ್ಲೊಂದು ಇಕ್ಕಟ್ಟಿದೆ. ಮೊಳಕೆಯ ತೇವದಲ್ಲಿ ರೋಗಾಣುಗಳೂ ಬೆಳೆಯುತ್ತವೆ. ಅವುಗಳ ನಾಶಕ್ಕೆಂದು ಅತಿಯಾಗಿ ಹುರಿದರೆ ಕಿಣ್ವವೂ ನಾಶವಾಗುತ್ತದೆ. ಆದ್ದರಿಂದ ಶುದ್ಧ ನೀರು, ಶೀಘ್ರ ಒಣಗಿಸುವಿಕೆ ಮತ್ತು ಹದವಾದ ಶಾಖ ಮುಖ್ಯ. ‘ಕುದಿಸಿಯೇ ಬಳಸಿ’ ಎಂಬ ಸೂಚನೆಯೂ ಪೊಟ್ಟಣದ ಮೇಲೆ ಸ್ಪಷ್ಟವಾಗಿರಬೇಕು. ಬೂಷ್ಟು ಹಿಡಿದ ಕಡಲೆಕಾಯಿಯಲ್ಲಿ ಅಫ್ಲಾಟಾಕ್ಸಿನ್ ವಿಷವಿರಬಹುದು. ಹುರಿಯುವುದರಿಂದ ಅದು ಪೂರ್ಣವಾಗಿ ಹೋಗದು. ಅಂತಹ ಸರಕನ್ನು ಖರೀದಿಯ ಹಂತದಲ್ಲಿಯೇ ತಿರಸ್ಕರಿಸಬೇಕು.

ಕಾನೂನಿನ ಚೌಕಟ್ಟು

1992ರ ಶಿಶು ಹಾಲಿನ ಬದಲಿಗಳು, ಹಾಲೂಡಿಸುವ ಬಾಟಲಿಗಳು ಮತ್ತು ಶಿಶು ಆಹಾರಗಳ ಕಾಯಿದೆಯು 2003ರಲ್ಲಿ ತಿದ್ದುಪಡಿಯಾಯಿತು. ಅದರಂತೆ ಆರು ತಿಂಗಳಿನಿಂದ ಎರಡು ವರ್ಷದವರೆಗಿನ ಮಕ್ಕಳಿಗೆಂದು ಎದೆಹಾಲಿನ ಪೂರಕವಾಗಿ ಮಾರುವ ಆಹಾರವು ‘ಶಿಶು ಆಹಾರ’ ಎನಿಸುತ್ತದೆ. ಇದಕ್ಕೆ ಜಾಹೀರಾತು ನೀಡುವಂತಿಲ್ಲ. ಮಾದರಿ ಪೊಟ್ಟಣಗಳನ್ನು ಉಚಿತವಾಗಿ ಹಂಚುವಂತಿಲ್ಲ. ಹೊದಿಕೆಯ ಮೇಲೆ ಶಿಶುವಿನ ಅಥವಾ ಮಹಿಳೆಯ ಚಿತ್ರವಿರಕೂಡದು. ಉಲ್ಲಂಘನೆ ಶಿಕ್ಷಾರ್ಹ ಅಪರಾಧ. ಜೊತೆಗೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಶಿಶು ಪೌಷ್ಟಿಕ ಆಹಾರ ನಿಯಮಾವಳಿಯನ್ನೂ ಪಾಲಿಸತಕ್ಕದ್ದು.

ನಗುವ ಮಗುವಿನ ಚಿತ್ರವಿರುವ ಹೊದಿಕೆಗಳನ್ನು ಸಾವಿರಗಟ್ಟಲೆ ಮುದ್ರಿಸಿದ ಮೇಲೆ ನಿಯಮ ತಿಳಿದರೆ ನಷ್ಟ ತಯಾರಕನದೇ. ಬೂಷ್ಟು ಹಿಡಿದ ಒಂದು ಮೂಟೆಯನ್ನು ಕಡೆಗಣಿಸಿದರೆ ನಷ್ಟ ಮಗುವಿನದು. ಮುದ್ರಣಾಲಯಕ್ಕೂ ಗಿರಣಿಗೂ ಸರಕು ಹೋಗುವ ಮೊದಲೇ ಈ ಎರಡನ್ನೂ ಪರಿಶೀಲಿಸಿಕೊಳ್ಳುವುದು ಉದ್ದಿಮೆದಾರರಿಗೆ ಶ್ರೇಯಸ್ಕರ.