ಜಗ್ಗಬೇಡ, ಸಡಿಲ ಬಿಡು

ಬೆಟಗೇರಿಯ ನೇಕಾರ ಓಣಿಗಳಲ್ಲಿ ಮಗ್ಗದ ಸದ್ದು ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ನಿಲ್ಲದೆ ಕೇಳಿಬರುತ್ತಿದ್ದ ಕಾಲದಲ್ಲಿ, ನಾನು ಹತ್ತು-ಹನ್ನೊಂದು ವರ್ಷದ ಹುಡುಗನಾಗಿ ಸೋದರತ್ತೆಯ ಮನೆಗೆ ರಜೆಗೆ ಹೋಗಿದ್ದಾಗ, ಎದುರು ಮನೆಯ ಕಟ್ಟೆಯ ಮೇಲೆ ಕುಳಿತ ಮುದುಕಿಯೊಬ್ಬಳು ಸಿಕ್ಕಾದ ನೂಲಿನ ಲಡಿಯೊಂದನ್ನು ಬಿಡಿಸುತ್ತಿದ್ದುದನ್ನು ನೋಡುತ್ತ ನಿಂತಿದ್ದೆ. ಸಹಾಯ ಮಾಡುವ ಉತ್ಸಾಹದಿಂದ ಒಂದು ಎಳೆಯನ್ನು ಹಿಡಿದು ಎಳೆದೆ. ಅಲ್ಲಿಯವರೆಗೆ ಬರಿಯ ಸಿಕ್ಕಾಗಿದ್ದುದು ನನ್ನ ಕೈಯಲ್ಲಿ ಗಂಟಾಯಿತು. ಮುದುಕಿ ಬೈಯಲಿಲ್ಲ. "ಜಗ್ಗಬ್ಯಾಡೋ ತಮ್ಮಾ, ಸಡ್ಲ ಬಿಡು. ಜಗ್ಗಿದಷ್ಟೂ ಬಿಗೀತೈತಿ" ಎಂದು, ಲಡಿಯೊಳಗೆ ಎರಡೂ ಅಂಗೈ ತೂರಿಸಿ, ಮಗುವನ್ನು ತೂಗುವಷ್ಟು ಮೆಲ್ಲಗೆ ಎರಡು ಮೂರು ಸಲ ಕೊಡವಿದಳು. ನೂಲು ಉಸಿರು ಬಿಟ್ಟಂತೆ ಅಗಲವಾಯಿತು. ಎಳೆಯ ತುದಿ ತಾನಾಗಿ ಮೇಲೆ ಬಂದಿತು. ಅದನ್ನವಳು ರಾಟಿಗೆ ಹಚ್ಚಿ ಕಂಡಿಕೆ ಸುತ್ತತೊಡಗಿದಳು.

ಮುಂದೆ ಓದಿನ ದಾರಿಯಲ್ಲಿ ಉಪನಿಷತ್ತಿನ 'ಹೃದಯಗ್ರಂಥಿ' ಎಂಬ ಪದವು ನನಗೆ ಮೊದಲು ಎದುರಾದಾಗ, ಭಾಷ್ಯಕಾರರ ವ್ಯಾಖ್ಯಾನಕ್ಕಿಂತ ಮುಂಚೆ ನೆನಪಿಗೆ ಬಂದುದು ಆ ಮುದುಕಿಯ ಕೈಗಳೇ. ಮನುಷ್ಯನ ಹೃದಯದಲ್ಲಿ ಪ್ರೀತಿಯು ಇಲ್ಲದಿರುವುದಿಲ್ಲ. ಅದು ಸಿಕ್ಕಿನೊಳಗೆ ಸಿಲುಕಿರುತ್ತದೆ. ಹಳೆಯ ಅವಮಾನ, ಹೇಳಲಾಗದೆ ಉಳಿದ ಮಾತು, ಮತ್ತೊಮ್ಮೆ ಪೆಟ್ಟು ಬಿದ್ದೀತೆಂಬ ಭಯ, ತನ್ನ ತಪ್ಪಿನ ನಾಚಿಕೆ, ಇವೆಲ್ಲ ಒಂದರೊಳಗೊಂದು ಹೆಣೆದುಕೊಂಡು ಎಳೆಯ ತುದಿಯನ್ನು ಮರೆಮಾಡುತ್ತವೆ. ಆಗ ನಾವು ಸಾಮಾನ್ಯವಾಗಿ ಮಾಡುವುದು ನಾನಂದು ಮಾಡಿದುದನ್ನೇ: ಜಗ್ಗುವುದು. 'ನಾಳೆಯಿಂದ ಎಲ್ಲರನ್ನೂ ಪ್ರೀತಿಸತಕ್ಕದ್ದು' ಎಂದು ಸಂಕಲ್ಪ ತೊಟ್ಟವನ ಮನೆಯಲ್ಲಿ ಎರಡನೆಯ ದಿನವೇ ಪಾತ್ರೆ ಉರುಳುವ ಸದ್ದು ಕೇಳಿಬರುವುದನ್ನು ಯಾರು ಕಂಡಿಲ್ಲ?

ಬೆಟಗೇರಿಯಿಂದ ದಕ್ಷಿಣಕ್ಕೆ, ಎರೆಹೊಲಗಳ ನಡುವಿನ ದಾರಿ ಹಿಡಿದರೆ ಶಿರಹಟ್ಟಿ ಸಿಕ್ಕುತ್ತದೆ. ಅಲ್ಲಿನ ಜಗದ್ಗುರು ಫಕ್ಕೀರೇಶ್ವರ ಮಠದ ಘೋಷವಾಕ್ಯವನ್ನು ಈ ಸೀಮೆಯ ಮಕ್ಕಳೂ ಬಲ್ಲರು: "ದ್ವೇಷ ಬಿಡು, ಪ್ರೀತಿ ಮಾಡು." ನಾಲ್ಕೇ ಶಬ್ದಗಳು. ಗೋಡೆಯ ಮೇಲೆ ಬರೆದ ನೀತಿವಾಕ್ಯಗಳನ್ನು ಓದದೆಯೇ ಮುಂದೆ ಸಾಗುವುದು ನಮಗೆಲ್ಲ ರೂಢಿಯಾಗಿರುವುದರಿಂದ, ಇದರಲ್ಲಿರುವ ಕ್ರಮವನ್ನು ನಾನು ಬಹುಕಾಲ ಗಮನಿಸಿರಲಿಲ್ಲ. 'ಬಿಡು' ಎಂಬುದು ಮೊದಲು, 'ಮಾಡು' ಎಂಬುದು ಆಮೇಲೆ. ಕೈಯಲ್ಲಿ ಕಲ್ಲು ಹಿಡಿದವನು ಆ ಕೈಯಿಂದಲೇ ಪ್ರಸಾದ ಸ್ವೀಕರಿಸಲಾರನೆಂಬ ಸಾಮಾನ್ಯ ಲೌಕಿಕ ಜ್ಞಾನವೇ ಇಲ್ಲಿ ಧರ್ಮವಾಕ್ಯವಾಗಿದೆ.

ಈ ಮಠದ ಮೂಲಪುರುಷನ ಹೆಸರೇ ಒಂದು ಕಥೆ. ಐತಿಹ್ಯವು ಹೇಳುವಂತೆ, ಮಕ್ಕಳಿಲ್ಲದ ಲಿಂಗಾಯತ ದಂಪತಿಗಳಿಗೆ ವಿಜಯಪುರದ ಸೂಫಿ ಸಂತ ಖ್ವಾಜಾ ಅಮೀನುದ್ದೀನರ ಆಶೀರ್ವಾದದಿಂದ ಹುಟ್ಟಿದ ಮಗು ಚನ್ನವೀರ. ಕೊಟ್ಟ ಮಾತಿನಂತೆ ತಾಯಿತಂದೆಗಳು ಅವನನ್ನು ಆ ಸಂತರ ಮಡಿಲಿಗೇ ಒಪ್ಪಿಸಿದರು. ಅಲ್ಲಿ ಬೆಳೆದು, ಫಕೀರ ಚನ್ನವೀರನಾಗಿ ದೇಶಸಂಚಾರ ಮಾಡುತ್ತ ಅವನು ಕಡೆಗೆ ಶಿರಹಟ್ಟಿಯಲ್ಲಿ ನೆಲೆನಿಂತನು. ಇದರಲ್ಲಿ ಇತಿಹಾಸವೆಷ್ಟು, ಭಕ್ತಿಯ ಕಲ್ಪನೆಯೆಷ್ಟು ಎಂದು ತೂಗಿ ನೋಡುವುದು ಪಂಡಿತರಿಗೆ ಬಿಟ್ಟ ಕೆಲಸ. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಆ ತಾಯಿಯ ಕೈ. ಹಂಬಲಿಸಿ ಪಡೆದ ಕೂಸನ್ನು ಬೇರೆ ಮತದ ಗುರುವಿನ ಮಡಿಲಲ್ಲಿಟ್ಟು ಕೈ ಹಿಂತೆಗೆದುಕೊಂಡ ಆ ಕ್ಷಣದಲ್ಲಿ ಅವಳು ಬಿಟ್ಟುಕೊಟ್ಟದ್ದು ಮಗುವನ್ನು ಮಾತ್ರವಲ್ಲವಷ್ಟೆ? 'ನಮ್ಮವರು', 'ಅವರು' ಎಂಬ ಎಣಿಕೆಯನ್ನೂ ಅವಳು ಅಲ್ಲಿಯೇ ಬಿಟ್ಟಿರಬೇಕು. ಫಕೀರ, ಈಶ್ವರ ಎಂಬೆರಡು ಶಬ್ದಗಳು ಒಂದೇ ಹೆಸರಿನಲ್ಲಿ ಸಂಧಿಯಾಗಿ ಕುಳಿತದ್ದು ಅದರ ಫಲ. ವೈಶಾಖದ ಆಗಿ ಹುಣ್ಣಿಮೆಗೆ ನಡೆಯುವ ಜಾತ್ರೆಯಲ್ಲಿ ಎರಡೂ ಮತದವರು ಇಂದಿಗೂ ನೆರೆಯುತ್ತಾರೆ. ಅದೇ ಹುಣ್ಣಿಮೆಯು ಬುದ್ಧ ಪೂರ್ಣಿಮೆಯೂ ಆಗಿರುವುದು ಕಾಕತಾಳೀಯವಿರಬಹುದು. ಆದರೆ ಸೊಗಸಾದ ಕಾಕತಾಳೀಯ.

ಬುದ್ಧನ ಹೆಸರು ಬಂದುದರಿಂದ ಡಂಬಳದ ಮಾತನ್ನೂ ಹೇಳಿಬಿಡುತ್ತೇನೆ. ಮುಂಡರಗಿ ತಾಲೂಕಿನ ಈ ಊರಿನ 1095ರ ಶಾಸನವೊಂದು ತಾರಾದೇವಿಯ ಗುಡಿಯನ್ನೂ ಬೌದ್ಧ ವಿಹಾರವನ್ನೂ ಹೆಸರಿಸುತ್ತದೆ. ಆ ವಿಹಾರದ ಭಿಕ್ಷುಗಳು ಏನನ್ನು ಧ್ಯಾನಿಸುತ್ತಿದ್ದರೋ ಶಾಸನ ಹೇಳುವುದಿಲ್ಲ; ಆದರೆ ಬೌದ್ಧರ ಮೈತ್ರೀಭಾವನೆಯ ಕ್ರಮವನ್ನು ಐದನೆಯ ಶತಮಾನದ ಬುದ್ಧಘೋಷನು 'ವಿಸುದ್ಧಿಮಗ್ಗ'ದಲ್ಲಿ ವಿವರವಾಗಿ ಬರೆದಿಟ್ಟಿದ್ದಾನೆ. ಸಾಧಕನು ಹಗೆಯನ್ನು ಪ್ರೀತಿಸಲು ಮೊದಲ ದಿನವೇ ಹೊರಡಬಾರದು. ತನಗೆ ತಾನೇ ಒಳಿತನ್ನು ಹಾರೈಸಿಕೊಳ್ಳುವುದರಿಂದ ತೊಡಗಿ, ಅನಂತರ ಆಪ್ತರಿಗೆ, ಆಮೇಲೆ ಇಷ್ಟವೂ ಅನಿಷ್ಟವೂ ಅಲ್ಲದ ಸಾಮಾನ್ಯರಿಗೆ, ಎಲ್ಲಕ್ಕೂ ಕಡೆಗೆ ವೈರಿಗೆ ಆ ಹಾರೈಕೆಯನ್ನು ವಿಸ್ತರಿಸಬೇಕು. ಸ್ವಾರ್ಥವೆಂದು ಕೆಲವರು ಮೂಗು ಮುರಿಯುವ ಆ ಮೊದಲ ಮೆಟ್ಟಿಲೇ ಬಹುಮಂದಿಗೆ ಅತ್ಯಂತ ಕಠಿನವಾದುದು. ತನ್ನನ್ನು ತಾನು ಕ್ಷಮಿಸಲಾರದವನು ಇತರರ ಪ್ರೀತಿಯನ್ನು ಸಾಲವೆಂದೇ ಬಗೆಯುತ್ತಾನೆ. ಯಾರಾದರೂ ಅಕ್ಕರೆ ತೋರಿದರೆ 'ಇವರಿಗೇನು ಬೇಕಾಗಿದೆಯೋ' ಎಂದು ಶಂಕಿಸುತ್ತಾನೆ.

ಅದೇ ಡಂಬಳದಲ್ಲಿ ಇಂದು ತೋಂಟದಾರ್ಯ ಮಠದ ರೊಟ್ಟಿ ಜಾತ್ರೆ ನಡೆಯುತ್ತದೆ. ಜಾತಿ-ಮತಗಳ ಎಣಿಕೆಯಿಲ್ಲದೆ ಮನೆಮನೆಯ ಒಲೆಯಿಂದ ಬಂದ ಜೋಳದ ರೊಟ್ಟಿಗಳು ಒಂದೆಡೆ ಬಂದು ಬೀಳುತ್ತವೆ. ಕರಿಹಿಂಡಿ, ಪಲ್ಲೆಗಳೊಡನೆ ಸಾವಿರಾರು ಜನ ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಾರೆ. ಯಾರ ಒಲೆಯ ರೊಟ್ಟಿ ಯಾರ ತುತ್ತಾಯಿತೆಂದು ಹೇಳಬಲ್ಲವರಿಲ್ಲ. ಉಪನ್ಯಾಸದಿಂದ ಸಡಿಲವಾಗದ ಗಂಟು ಕೆಲವೊಮ್ಮೆ ಹೀಗೆ ಪಂಕ್ತಿಯಲ್ಲಿ ಸಡಿಲವಾಗುತ್ತದೆ.

ಎಲ್ಲ ಕಥೆಗಳೂ ಹೀಗೆಯೇ ಮುಗಿಯುವುದಿಲ್ಲ. ಲಕ್ಷ್ಮೇಶ್ವರವು ಪುಲಿಗೆರೆಯಾಗಿದ್ದ ಕಾಲದ ಆದಯ್ಯನ ಕಥೆಯನ್ನು ಹರಿಹರನು ರಗಳೆಯಾಗಿಯೂ ರಾಘವಾಂಕನು 'ಸೋಮನಾಥ ಚಾರಿತ್ರ'ವಾಗಿಯೂ ಬರೆದರು. ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಬಂದ ಶೈವ ತರುಣನು ಜೈನ ಶ್ರೇಷ್ಠಿಯ ಮಗಳಾದ ಪದ್ಮಾವತಿಗೆ ಒಲಿದನು, ಅವಳೂ ಅವನಿಗೆ ಒಲಿದಳು, ಮದುವೆಯಾಯಿತು. ಮತದ ಗೋಡೆಯನ್ನು ಪ್ರೇಮವು ಒಂದೇ ನೋಟದಲ್ಲಿ ಹಾರಿತು. ಆದರೆ ಅತಿಥಿಗಳಿಗೆ ಅನ್ನವಿಕ್ಕುವ ವಿಷಯದಲ್ಲಿ ಅಳಿಯನಿಗೂ ಮಾವನ ಮನೆಗೂ ಮಾತು ಬೆಳೆದು, ಸೌರಾಷ್ಟ್ರದ ಸೋಮನಾಥನನ್ನೇ ತಂದು ಇವರ ಬಸದಿಯಲ್ಲಿ ನಿಲ್ಲಿಸುವೆನೆಂದು ಆದಯ್ಯ ಪಣ ತೊಟ್ಟನು. ಅದನ್ನು ಸಾಧಿಸಿದನೆಂದೂ ಕಾವ್ಯಗಳು ಕೊಂಡಾಡುತ್ತವೆ. ಕವಿಗಳು ಅದನ್ನು ಭಕ್ತಿಯ ವಿಜಯವೆಂದು ಕಂಡರು. ಅವರ ಕಾಲಧರ್ಮಕ್ಕೆ ಅದು ಸಹಜವೇ. ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯಲ್ಲಿ ನಂದಿಯನ್ನೇರಿದ ಶಿವಪಾರ್ವತಿಯರ ಮೂರ್ತಿಯೆದುರು ನಿಂತಾಗ ನನಗೆ ಮಾತ್ರ ಆ ಮಗಳ ಚಿಂತೆ. ಗಂಡನ ಪಣಕ್ಕೂ ತವರಿನ ಹಟಕ್ಕೂ ನಡುವೆ ನಿಂತ ಪದ್ಮಾವತಿ ಆ ದಿನಗಳನ್ನು ಹೇಗೆ ಕಳೆದಿರಬಹುದು? ಪ್ರೇಮವು ಮನೆಯೊಳಗೆ ಬಂದ ಮಾತ್ರಕ್ಕೆ ಮನೆಯ ಜಿದ್ದು ಹೊರಗೆ ಹೋಗುವುದಿಲ್ಲ. ಅದನ್ನು ಬೇರೆಯಾಗಿಯೇ ಬಿಡಬೇಕಾಗುತ್ತದೆ.

ಬಿಡುವುದೆಂದರೇನು ಎಂಬಲ್ಲಿಯೇ ಹಲವರು ತಪ್ಪುತ್ತಾರೆ. ಮನಸ್ಸಿನಿಂದ ಬಲವಂತವಾಗಿ ತಳ್ಳುವುದು ಬಿಡುವುದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಐದು ನಿಮಿಷ ಬಿಳಿಯ ಕರಡಿಯನ್ನು ನೆನೆಯಬೇಡಿರೆಂದು ವಿದ್ಯಾರ್ಥಿಗಳಿಗೆ ಹೇಳಲಾಯಿತು. ನೆನೆದಾಗಲೊಮ್ಮೆ ಗಂಟೆ ಬಾರಿಸಬೇಕು. ಗಂಟೆ ಮತ್ತೆ ಮತ್ತೆ ಮೊಳಗಿತು. ಮದ್ದು ಕುಡಿಯುವಾಗ ಕೋತಿಯನ್ನು ನೆನೆಯಬೇಡವೆಂದ ವೈದ್ಯನ ಕಥೆ ಬಲ್ಲ ನಮಗೆ ಇದು ಹೊಸದೇನೂ ಅಲ್ಲ. ಇನ್ನು ನೆನೆದು ನೆನೆದು ಕುದಿಯುವವರ ಗತಿಯೇನು? 2001ರಲ್ಲಿ ಷಾರ್ಲೆಟ್ ವಿಟ್‌ವ್ಲಿಯೆಟ್ ಮತ್ತು ಸಹೋದ್ಯೋಗಿಗಳು 71 ವಿದ್ಯಾರ್ಥಿಗಳಿಗೆ ತಮಗಾದ ಅನ್ಯಾಯವನ್ನು ಎರಡು ಬಗೆಯಾಗಿ ನೆನೆಯಲು ಹೇಳಿದರು: ಒಮ್ಮೆ ಸೇಡಿನಿಂದ, ಒಮ್ಮೆ ಕ್ಷಮೆಯಿಂದ. ಸೇಡಿನಿಂದ ನೆನೆದಾಗ ಎದೆಬಡಿತವೂ ರಕ್ತದೊತ್ತಡವೂ ಏರಿದವು, ಹುಬ್ಬು ಬಿಗಿಯಿತು, ಅಂಗೈ ಬೆವರಿತು. ಎದುರಾಳಿಯು ಊರಲ್ಲಿಲ್ಲದಿದ್ದರೂ ಅವನೊಡನೆ ಕಾದಾಡುವ ಖರ್ಚೆಲ್ಲ ನಮ್ಮ ಶರೀರದ್ದೇ.

ತಳ್ಳುವುದೂ ಅಲ್ಲ, ಕುದಿಯುವುದೂ ಅಲ್ಲದ ಮಧ್ಯಮಮಾರ್ಗವೊಂದನ್ನು ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪರೀಕ್ಷಿಸಿದನು. ತಮ್ಮನ್ನು ಆಳವಾಗಿ ನೋಯಿಸಿದ ಸಂಗತಿಯನ್ನು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ, ಭಾವನೆಯನ್ನೂ ಮರೆಮಾಚದೆ ಬರೆದ ವಿದ್ಯಾರ್ಥಿಗಳು, ಕ್ಷುಲ್ಲಕ ವಿಷಯ ಬರೆದವರಿಗಿಂತ ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿಗೆ ಕಡಿಮೆ ಸಲ ಹೋದರು. ಬರೆದ ಕೂಡಲೇ ಮನಸ್ಸು ಹಗುರಾಯಿತೆಂದಲ್ಲ. ಆ ದಿನಗಳಲ್ಲಿ ಅವರಿಗೆ ಬೇಸರವೇ ಹೆಚ್ಚಾಗಿತ್ತು. ಲಡಿಯನ್ನು ಕೊಡವಿದಾಗ ಮೊದಲು ಸಿಕ್ಕು ದೊಡ್ಡದಾಗಿಯೇ ಕಾಣಿಸುತ್ತದೆ.

ಇನ್ನೊಂದು ಎಚ್ಚರಿಕೆಯೂ ಅವಶ್ಯ. ದ್ವೇಷವನ್ನು ಬಿಡುವುದೆಂದರೆ ಹೊಡೆಯುವವನ ಮುಂದೆ ಮತ್ತೆ ಬೆನ್ನು ತಿರುಗಿಸಿ ನಿಲ್ಲುವುದಲ್ಲ. ಕುಡಿದು ಬಂದು ಬಡಿಯುವ ಗಂಡನ ಮನೆಯಲ್ಲಿರುವ ಹೆಣ್ಣುಮಗಳಿಗೆ 'ಹೃದಯವನ್ನು ತೆರೆ ತಾಯಿ' ಎಂದು ಉಪದೇಶಿಸುವವರನ್ನು ಕಂಡರೆ ನನಗೆ ಸಹನೆ ಉಳಿಯುವುದಿಲ್ಲ. ಅವಳು ಮೊದಲು ಆ ಮನೆಯನ್ನು ಬಿಡಲಿ. ದ್ವೇಷವನ್ನು ಬಿಡುವ ವಿಚಾರ ನಿಧಾನವಾಗಿ ಆದೀತು.

ನಮ್ಮ ಸೀಮೆಯ ಭಾಷೆಯಲ್ಲೊಂದು ವಿಚಿತ್ರವಿದೆ. ಜಗಳವಾಡಿದವರನ್ನು ಕುರಿತು 'ಮಾತು ಬಿಟ್ಟಾರ' ಎನ್ನುತ್ತೇವೆ. ಅಲ್ಲಿಯೂ ಬಿಡುವುದೇ! ದ್ವೇಷವನ್ನು ಹಿಡಿದವರು ಮಾತನ್ನು ಬಿಡುತ್ತಾರೆ. ನಮ್ಮ ಅಪ್ಪನೂ ಕಾಕಾನೂ ಹೀಗೆ ಏಳು ವರ್ಷ ಮಾತು ಬಿಟ್ಟಿದ್ದರು. ಕಾರಣ, ಶಿರಹಟ್ಟಿ ತಾಲೂಕಿನ ನಮ್ಮೂರ ಹೊಲದಲ್ಲಿ ಎರಡು ಮೊಳ ಅಗಲದ ಒಂದು ಬದು. ಒಂದು ಕಾಲಕ್ಕೆ ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿ, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ, ಗದಗು ಮುಂಬಯಿ ಪ್ರಾಂತದಲ್ಲಿದ್ದು, ಒಂದು ದಿನದ ಚಕ್ಕಡಿ ಪ್ರಯಾಣದಲ್ಲಿ ಮೂರು ಆಡಳಿತಗಳನ್ನು ದಾಟಬೇಕಾಗಿತ್ತು. 1948ರಲ್ಲಿ ಸಂಸ್ಥಾನಗಳು ವಿಲೀನಗೊಂಡು ಆ ಎಲ್ಲೆಗಳು ಅಳಿಸಿಹೋದವು. ನಮ್ಮ ಬದು ಅಳಿಸಲಿಲ್ಲ. ಭೂಮಾಪನದವರು ಬಂದು ಕಲ್ಲು ನೆಟ್ಟುಹೋದರು. ಕಲ್ಲು ನೆಟ್ಟ ಮೇಲೆ ಮುನಿಸು ಇನ್ನಷ್ಟು ಗಟ್ಟಿಯಾಯಿತು.

ಏಳನೆಯ ವರ್ಷದ ವಿಜಯದಶಮಿಯ ಸಂಜೆ ಕಾಕಾ ನಮ್ಮ ಮನೆಯ ಹೊಸ್ತಿಲಲ್ಲಿ ನಿಂತಿದ್ದ. ಬನ್ನಿ ಕೊಡಲು ಕಿರಿಯರು ಹಿರಿಯರ ಮನೆಗೆ ಹೋಗುವುದು ನಮ್ಮಲ್ಲಿಯ ರೂಢಿ. ಆದರೆ ಅವನು ಬಂದುದು ಅಜ್ಜಿಯ ಕಾಲು ಮುಟ್ಟಿ ಹೋಗಲಿಕ್ಕೆಂದು. ಹಾಗೆಂದು ತಾನೇ ಎರಡು ಸಲ ಹೇಳಿದ. ಅಜ್ಜಿಯ ಕೈಗೆ ಎಲೆಗಳನ್ನಿತ್ತು ನಮಸ್ಕರಿಸಿ ಎದ್ದವನು, ಅಪ್ಪ ಪಕ್ಕದಲ್ಲಿಯೇ ಕುಳಿತಿದ್ದುದರಿಂದ, ಹಾಗೆಯೇ ತಿರುಗಿ ಹೋಗಲಾರದೆ ಕೈ ಚಾಚಿದ. ಅಪ್ಪ ಎಲೆಗಳನ್ನು ತೆಗೆದುಕೊಂಡ. ಆಗ ಎಲ್ಲರೂ ಹೇಳುವ ಮಾತೊಂದಿದೆ, ಬನ್ನಿ ತಗೊಂಡು ಬಂಗಾರದ್ಹಂಗ ಇರೋಣ ಎಂದು. ಕಾಕಾ "ಬಂಗಾರದ್ಹಂಗ" ಎಂಬಲ್ಲಿಗೆ ಬಂದು ತಡೆದ. ಅಪ್ಪನ ಗಂಟಲಿನ ಮಣಿ ಮೇಲೆ ಕೆಳಗೆ ಆಡಿತೇ ಹೊರತು ಶಬ್ದ ಬರಲಿಲ್ಲ. ಅಜ್ಜಿಗೆ ರೇಗಿತು: "ಬಂಗಾರ-ಗಿಂಗಾರ ಏನ್ ಬ್ಯಾಡ್ರಪಾ, ಮನಶ್ಯಾರ್ಹಂಗ ಇರ್ರಿ, ಸಾಕು!" ಯಾರೂ ನಗಲಿಲ್ಲ, ಆದರೆ ಕಾಕಾ ಹೊಸ್ತಿಲು ದಾಟಿ ಒಳಗೆ ಬಂದು ಕುಳಿತ. ಅವ್ವ ಚಹಾ ಮಾಡಿದಳು. ಬದುವಿನ ಮಾತನ್ನು ಅವನೂ ಎತ್ತಲಿಲ್ಲ, ಇವನೂ ಎತ್ತಲಿಲ್ಲ.

ನಮ್ಮ ಹಿರಿಯರು ಈ ಹಬ್ಬಗಳನ್ನು ಏಕೆ ಹೀಗೆ ಕಟ್ಟಿದರೆಂಬುದು ನನಗೆ ಅಂದಿನಿಂದ ಸ್ವಲ್ಪ ಅರ್ಥವಾಗಿದೆ. 'ತಪ್ಪಾಯಿತು' ಎಂಬ ಮಾತನ್ನು ಬಾಯಿಬಿಟ್ಟು ಹೇಳುವುದು ಎಷ್ಟೋ ಜನರಿಗೆ ಪ್ರಾಣಸಂಕಟ. ಬನ್ನಿ ಎಲೆ, ಸಂಕ್ರಾಂತಿಯ ಕುಸುರೆಳ್ಳು, ಇವು ಆ ಮಾತಿಗೆ ಬದಲಾಗಿ ಕೈಯಿಂದ ಕೈಗೆ ದಾಟುತ್ತವೆ. ಯಾರೂ ಸೋಲದೆ ಇಬ್ಬರೂ ಒಂದು ಹೆಜ್ಜೆ ಮುಂದೆ ಬರಲು ಅವಕಾಶ ದೊರೆಯುತ್ತದೆ. ಪಂಚಾಯಿತಿಕೆ ಕೂಡಿಸಿದ್ದರೆ ಅಂದು ಆ ಇಬ್ಬರೂ ಎಳೆಯನ್ನು ಜಗ್ಗುತ್ತಿದ್ದರು.

ಐದು ದಿನ ಕಳೆದು ಶೀಗಿ ಹುಣ್ಣಿಮೆ. ಚರಗ ಚೆಲ್ಲಲು ಊರಿಗೆ ಊರೇ ಹೊಲಕ್ಕೆ ಹೋಗುವ ದಿನ. ಏಳು ವರ್ಷಗಳಿಂದ ನಾವು ಬದುವಿನ ಈಚೆಗೆ ಬೆನ್ನು ತಿರುಗಿಸಿ, ಅವರು ಆಚೆಗೆ ಬೆನ್ನು ತಿರುಗಿಸಿ ಉಣ್ಣುವುದು ವಾಡಿಕೆಯಾಗಿತ್ತು. ಆ ವರ್ಷವೂ ಬೇರೆ ಬೇರೆಯಾಗಿಯೇ ಕುಳಿತೆವು; ಆದರೆ ಬೆಳೆದ ಜೋಳದ ನೆರಳು ಎಲ್ಲಿ ಬಿದ್ದಿದೆಯೆಂದು ಹುಡುಕುವ ನೆವದಲ್ಲಿ ಎರಡೂ ಗುಂಪುಗಳು ಬದುವಿನ ಹತ್ತಿರ ಹತ್ತಿರಕ್ಕೆ ಸರಿದವು. ಚಿಗವ್ವ ಒಂದು ಬಟ್ಟಲಲ್ಲಿ ಬದನೆಕಾಯಿ ಎಣಗಾಯಿ ತಂದು, "ಯಕ್ಕಾ, ಈ ಸಲ ಖಾರ ಹೆಚ್ಚಾಗೇತೇನ ನೋಡು" ಎಂದು ಅವ್ವನ ಕಡೆ ಚಾಚಿದಳು. ಖಾಲಿ ಬಟ್ಟಲನ್ನು ತಿರುಗಿ ಕೊಡಬಾರದೆಂದು ಅವ್ವ ಅದರಲ್ಲಿ ಮೊಸರನ್ನ ತುಂಬಿದಳು. ಅಪ್ಪ, ಕಾಕಾ ಈ ಸಲದ ಮಳೆಯ ಮಾತು ಆಡುತ್ತಿದ್ದರು. ಭೂಮಾಪನದವರು ನೆಟ್ಟ ಕಲ್ಲು ನೆಟ್ಟಲ್ಲಿಯೇ ಇತ್ತು. ಇರುವೆ ಹತ್ತಬಾರದೆಂದು ನನ್ನ ತಂಗಿ ಹೋಳಿಗೆಯ ಬುತ್ತಿಯನ್ನು ಅದರ ಮೇಲೆ ಇಟ್ಟಿದ್ದಳು.